ಜೀರ್ಣೋದ್ಧಾರ

ಜೀರ್ಣವಾದುದನ್ನು ಉದ್ಧರಿಸುವವನು ಹಳೆಯದನ್ನು ಉಳಿಸುತ್ತಾನೆಯೋ, ಹಳೆಯದರ ಹೆಸರಿನಲ್ಲಿ ಹೊಸದನ್ನು ನಿಲ್ಲಿಸುತ್ತಾನೆಯೋ? ಬಹುಕಾಲದ ಈ ಶಂಕೆಯು ಇಂಗ್ಲೆಂಡಿನಲ್ಲಿ ಒಂದು ವಿಮಾನದ ಮುಂದೆ ಮತ್ತೆ ತಲೆಯೆತ್ತಿತು.

ಮಗಳ ಮನೆಗೆಂದು ಹೋಗಿದ್ದಾಗ ಅಳಿಯಂದಿರು ನನ್ನನ್ನು ವೇಬ್ರಿಡ್ಜ್ ಊರಿನ ಬ್ರೂಕ್‌ಲ್ಯಾಂಡ್ಸ್ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದರು. ಅಲ್ಲಿರುವ ವೆಲಿಂಗ್ಟನ್ ಎಂಬ ಬಾಂಬು ವಿಮಾನವು 1939ರಲ್ಲಿ ಅದೇ ಸ್ಥಳದಲ್ಲಿ ನಿರ್ಮಿತವಾದುದು. ಆ ವರ್ಷದ ಡಿಸೆಂಬರ್ 18ರಂದು ಹೆಲಿಗೋಲೆಂಡ್ ಕೊಲ್ಲಿಯ ಕಾಳಗದಲ್ಲಿ ಜೊತೆಯ ವಿಮಾನಗಳನೇಕ ಬಿದ್ದರೂ ಇದು ಹಿಂತಿರುಗಿತು. 1940ರ ಡಿಸೆಂಬರ್ 31ರಂದು ತರಬೇತಿಯ ಹಾರಾಟದಲ್ಲಿ ಎಂಜಿನ್ ಕೆಟ್ಟು ಸ್ಕಾಟ್ಲೆಂಡಿನ ನೆಸ್ ಸರೋವರದಲ್ಲಿ ಇಳಿದು ಮುಳುಗಿತು. ಚಾಲಕರಿಬ್ಬರೂ ಬದುಕಿದರು, ಮೊದಲೇ ಪ್ಯಾರಾಚೂಟಿನಿಂದ ಧುಮುಕಿದವರಲ್ಲಿ ಒಬ್ಬನು ಸತ್ತನು. ನಲವತ್ತನಾಲ್ಕು ವರ್ಷ ನೀರಿನಲ್ಲಿದ್ದು 1985ರಲ್ಲಿ ಮೇಲೆ ಬಂದ ಆ ಕಳೇಬರವನ್ನು ಸ್ವಯಂಸೇವಕರು ವರ್ಷಗಟ್ಟಲೆ ದುಡಿದು ರೂಪಕ್ಕೆ ತಂದರು.

ಬುಟ್ಟಿಯ ಹೆಣಿಗೆಯಂತೆ ಓರೆಯಾಗಿ ಹಾಯ್ದ ಲೋಹದ ಪಟ್ಟಿಗಳ ಜಾಲವೇ ಅದರ ಒಡಲು. ಬಾರ್ನೆಸ್ ವಾಲಿಸ್ ಎಂಬ ಶಿಲ್ಪಿಯ ಯೋಜನೆಯಿದು. ಒಂದು ಪಟ್ಟಿ ತುಂಡಾದರೆ ಅದರ ಭಾರವನ್ನು ನೆರೆಯ ಪಟ್ಟಿಗಳು ಹೊರುವುವು. ಹಿಂದೆ ಇದರ ಮೇಲೆ ಬಟ್ಟೆ ಹೊದಿಸುತ್ತಿದ್ದರು. ಈಗ ಬಹುಭಾಗ ಎಲುಬುಗೂಡಾಗಿಯೇ ಕಾಣುತ್ತದೆ. ಇದರಲ್ಲಿ ಹಳೆಯದೆಷ್ಟು ಎಂದು ನಾನು ಕೇಳಿಸಿದೆನು. ನನ್ನ ವಯಸ್ಸಿನವರೇ ಆದ ಒಬ್ಬ ಸ್ವಯಂಸೇವಕರು ಸಂಕೋಚವಿಲ್ಲದೆ, ಇದು ಸರೋವರದಿಂದ ಬಂದುದು, ಇದು ನಾವು ಮಾಡಿದುದು ಎಂದು ಬೆರಳಿಟ್ಟು ತೋರಿಸುತ್ತ ಹೋದರು.

ರಥವೆಂದರೆ ಗಾಲಿಯೋ, ಅಚ್ಚೋ, ನೊಗವೋ ಎಂದು ನಾಗಸೇನನು ಮಿಲಿಂದರಾಜನನ್ನು ಕೇಳಿದುದು ವಾಚಕರಿಗೆ ತಿಳಿದೇ ಇದೆ. ಅವಯವಗಳ ಕೂಟಕ್ಕಿಟ್ಟ ವ್ಯವಹಾರನಾಮವೇ ರಥವೆಂಬ ಉತ್ತರವು ತರ್ಕಕ್ಕೆ ಸಾಕು. ಆದರೆ ಆ ರಥದಿಂದ ಧುಮುಕಿ ಯಾರೂ ಸತ್ತಿರಲಿಲ್ಲ. ಈ ವಿಮಾನವು ಸಾಕ್ಷಿಯ ಸ್ಥಾನದಲ್ಲಿ ನಿಂತಿದೆ. ಸಾಕ್ಷಿಯ ಬಾಯಲ್ಲಿ ನಾವು ಮಾತು ತುಂಬಬಹುದೇ? ತುಂಬಿದರೂ, ಇದು ನಮ್ಮ ಮಾತೆಂದು ಹೇಳುವವನು ಸಾಕ್ಷಿಯನ್ನು ಕೆಡಿಸಲಾರನು.

ಆ ಬೆರಳನ್ನು ನೋಡಿ ನನಗೆ ನಾಚಿಕೆಯಾಯಿತು. ಮೂವತ್ತು ವರ್ಷಗಳ ಹಿಂದೆ ನಮ್ಮ ಮನೆಯ ವ್ಯಾಕರಣದ ಓಲೆಗ್ರಂಥವೊಂದನ್ನು ಪ್ರತಿ ಮಾಡುವಾಗ ಹುಳು ತಿಂದ ಎಡೆಗಳನ್ನು ನನ್ನ ಊಹೆಯಿಂದ ತುಂಬಿದೆನು. ಪುಟ ಅಂದವಾಗಿರಲೆಂದು ಗುರುತಿಡಲಿಲ್ಲ. ಶಿಷ್ಯರು ಅದನ್ನೇ ಮೂಲವೆಂದು ಬರೆದುಕೊಂಡರು. ಓಲೆಗಳೋ ಆಮೇಲೆ ಪುಡಿಯಾದುವು.

ಊರಿಗೆ ಮರಳಿದೊಡನೆ ಆ ಪ್ರತಿಯನ್ನು ತೆಗೆದು ಕೆಂಪು ಮಸಿಯೊಡನೆ ಕುಳಿತೆನು. ಮೊದಲ ಪುಟದಲ್ಲಿ ಎರಡು ಕಡೆ ಗುರುತು ಹಾಕಿದೆನು. ಮೂರನೆಯ ವಾಕ್ಯವು ಗ್ರಂಥಕಾರನದೋ ನನ್ನದೋ ಎಷ್ಟು ನೋಡಿದರೂ ತಿಳಿಯಲಿಲ್ಲ.