ತಟ್ಟೆಯ ಹಸಿರು, ಹೊಲದ ಬೆಂಕಿ

ಅಷ್ಟಮಿ, ಚತುರ್ದಶಿಗಳಂದು ಹಸಿರು ಕಾಯಿಪಲ್ಲೆಯನ್ನು ತ್ಯಜಿಸುವ ವಾಡಿಕೆ ನಮ್ಮ ಮನೆಗಳಲ್ಲಿ ಇಂದಿಗೂ ಉಳಿದಿದೆ. ಉಳ್ಳಾಗಡ್ಡಿ, ಬಟಾಟೆಗಳನ್ನು ವರ್ಷವಿಡೀ ಮುಟ್ಟದ ಹಿರಿಯರೂ ಇದ್ದಾರೆ. ಒಂದೇ ಗಡ್ಡೆಯಲ್ಲಿ ಅನಂತ ಜೀವಗಳು ಒಂದೇ ದೇಹವನ್ನು ಹಂಚಿಕೊಂಡಿವೆಯೆಂಬ ಸಾಧಾರಣ ವನಸ್ಪತಿಯ ವಿಚಾರವನ್ನು ಅಕ್ಷರ ಕಲಿಯದ ಅಜ್ಜಿಯೂ ಮೊಮ್ಮಗಳಿಗೆ ತಿಳಿಸಬಲ್ಲಳು. ಆದರೆ ಕಬ್ಬಿನ ಕಟಾವು ಮುಗಿಯಿತೆಂದರೆ, ಅದೇ ಚತುರ್ದಶಿಯ ಸಂಜೆ, ಅದೇ ಮನೆತನದ ಹೊಲದಲ್ಲಿ ರವದಿಗೆ ಬೆಂಕಿ ಬೀಳುತ್ತದೆ. ಕಾಗವಾಡ, ಅಥಣಿ, ರಾಯಬಾಗಗಳ ಕೃಷ್ಣಾ ತೀರದಲ್ಲಿ, ಚಿಕ್ಕೋಡಿ, ನಿಪ್ಪಾಣಿಗಳ ದೂಧಗಂಗೆಯ ದಂಡೆಯಲ್ಲಿ ಆ ಹೊಗೆಯನ್ನು ಕಾಣದವರಿಲ್ಲ.

ಕೃಷಿಯೇ ಪಾಪವೆಂದು ನಾನು ಹೇಳುತ್ತಿಲ್ಲ. ಆದಿನಾಥ ಸ್ವಾಮಿಯು ಪ್ರಜೆಗಳಿಗೆ ಕಲಿಸಿದ ಆರು ಕರ್ಮಗಳಲ್ಲಿ ಕೃಷಿಯೂ ಒಂದು. 1872ರಲ್ಲಿ ಜನಿಸಿದ ಆಚಾರ್ಯ ಶಾಂತಿಸಾಗರ ಮಹಾರಾಜರು ಭೋಜ ಗ್ರಾಮದ ಒಕ್ಕಲುಮನೆಯಲ್ಲಿಯೇ ಬೆಳೆದವರು. ನೇಗಿಲ ಬಾಯಿಗೆ ಸಿಕ್ಕು ಸಾಯುವ ಹುಳದ ಹಿಂಸೆಯನ್ನು ಶಾಸ್ತ್ರವು ಉದ್ಯೋಗೀ ಹಿಂಸೆಯೆಂದು ಕರೆದು, ಸಂಕಲ್ಪೀ ಹಿಂಸೆಯಿಂದ ಬೇರ್ಪಡಿಸಿದೆ. ಗೃಹಸ್ಥನು ಮೊದಲನೆಯದನ್ನು ಪೂರ್ತಿ ಬಿಡಲಾರ; ಎರಡನೆಯದನ್ನು ಬಿಡಲೇಬೇಕು. ಹಾಗಾದರೆ ಕಡ್ಡಿ ಗೀರಿ ರವದಿ ಸುಡುವುದು ಯಾವ ಬಗೆಯದು?

ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರ ಯೋಗಶಾಸ್ತ್ರದಲ್ಲಿಯೂ, ಮುಂದಿನ ಶತಮಾನದ ಪಂಡಿತ ಆಶಾಧರರ ಸಾಗಾರಧರ್ಮಾಮೃತದಲ್ಲಿಯೂ ಶ್ರಾವಕನು ದೂರವಿಡಬೇಕಾದ ಹದಿನೈದು ಕ್ರೂರ ವೃತ್ತಿಗಳ ಪಟ್ಟಿಯಿದೆ. ಹುಲ್ಲು ಪೊದೆಗಳಿಗೆ ಬೆಂಕಿಯಿಡುವ ದವದಾನವು ಅದರಲ್ಲಿ ಸೇರಿದೆ. ಪ್ರಾಮಾಣಿಕವಾಗಿ ಹೇಳಬೇಕಾದರೆ, ಎಳ್ಳು ಕಬ್ಬುಗಳನ್ನು ಯಂತ್ರದಲ್ಲಿ ಅರೆಯುವುದೂ ಅದೇ ಪಟ್ಟಿಯಲ್ಲಿದೆ! ಸಕ್ಕರೆ ಕಾರ್ಖಾನೆಗಳನ್ನೇ ನಂಬಿದ ನಾವು ಪಟ್ಟಿಯನ್ನು ಪೂರ್ತಿ ಪಾಲಿಸುತ್ತೇವೆಂದು ಎದೆ ತಟ್ಟಿಕೊಳ್ಳುವಂತಿಲ್ಲ. ಆದರೆ ಎಲ್ಲವನ್ನೂ ಬಿಡಲಾಗದೆಂಬುದು ಬಿಡಬಹುದಾದುದನ್ನೂ ಹಿಡಿದುಕೊಂಡಿರಲು ಕಾರಣವಾಗದು.

ಜಗದೀಶಚಂದ್ರ ಬೋಸರು 1901ರಲ್ಲಿ ಲಂಡನ್ನಿನಲ್ಲಿ ಸಸ್ಯಗಳ ಸ್ಪಂದನವನ್ನು ತೋರಿಸಿದ್ದನ್ನು ನಮ್ಮ ಸಭೆಗಳಲ್ಲಿ ಹೆಮ್ಮೆಯಿಂದ ಉದಾಹರಿಸುವುದುಂಟು. ನನಗೆ ಆ ಹೆಮ್ಮೆ ಅಷ್ಟಾಗಿ ರುಚಿಸದು. ಗಿಡಕ್ಕೆ ಸ್ಪರ್ಶೇಂದ್ರಿಯವಿದೆಯೆಂದು ನಂಬಿದವರು ಸಾಕ್ಷಿಗಾಗಿ ಲಂಡನ್ನಿಗೆ ಹೋಗಬೇಕಿಲ್ಲ. ಸುಟ್ಟ ಹೊಲದಲ್ಲೊಮ್ಮೆ ನಡೆದು ಬಂದರೆ ಸಾಕು. ರವದಿಯ ಅಡಿಯಲ್ಲಿರುವುದು ಏಕೇಂದ್ರಿಯ ಮಾತ್ರವಲ್ಲ. ಎರಡು ಇಂದ್ರಿಯದ ಎರೆಹುಳ, ಮೂರರ ಇರುವೆ, ಕೆಲವೊಮ್ಮೆ ನೆಲದಲ್ಲಿ ಗೂಡು ಕಟ್ಟುವ ಹಕ್ಕಿಯ ಮೊಟ್ಟೆಗಳೂ ಇರುತ್ತವೆ.

ಲೇಶ್ಯೆಗಳನ್ನು ವಿವರಿಸುವ ನೇರಳೆ ಮರದ ಕಥೆಯನ್ನು ನಮ್ಮ ಬಸದಿಗಳ ಚಿತ್ರಗಳಲ್ಲಿ ಮಕ್ಕಳೂ ನೋಡಿದ್ದಾರೆ. ಹಸಿದ ಆರು ಜನರಲ್ಲಿ ಒಬ್ಬನು ಮರವನ್ನೇ ಬುಡಸಹಿತ ಕಡಿಯೋಣವೆಂದರೆ, ಆರನೆಯವನು ಉದುರಿದ ಹಣ್ಣು ಸಾಕೆನ್ನುತ್ತಾನೆ. ಹಸಿವು ಆರೂ ಜನರಿಗೆ ಒಂದೇ. ನಮ್ಮ ವಾದವೂ ಹಸಿವಿನದೇ: ಆಳು ಸಿಗುವುದಿಲ್ಲ, ಕುಳೆ ಬೇಗ ಚಿಗುರಬೇಕು, ನೀರಿನ ಪಾಳಿ ಬಂದಿದೆ. ಇವು ಸುಳ್ಳು ಕಾರಣಗಳಲ್ಲ. ಆದರೂ ಸಾಲು ಬಿಟ್ಟು ಸಾಲಿಗೆ ರವದಿ ಹರವಿದರೆ ತೇವ ನಿಲ್ಲುತ್ತದೆ, ಕಳೆ ತಗ್ಗುತ್ತದೆ, ಕೊಳೆತದ್ದು ಗೊಬ್ಬರವಾಗುತ್ತದೆ. ಅತಿಯಾಗಿ ನೀರುಣಿಸಿ ಸವಳಾದ ನಮ್ಮ ನದೀತೀರದ ಹೊಲಗಳಿಗೆ ಅದರ ಅಗತ್ಯ ಹೆಚ್ಚು.

ನಮ್ಮ ಮನೆಯಲ್ಲಿ ಅರ್ಧ ಹೊಲವನ್ನು ಸುಡದೆ ಬಿಟ್ಟ ವರ್ಷ, ರವದಿ ಹರವುವ ಆಳಿನ ಕೂಲಿಯ ಬಗ್ಗೆ ಅಣ್ಣನಿಗೂ ನನಗೂ ಮಾತು ಬೆಳೆಯಿತು. ಅವನ ಲೆಕ್ಕ ತಪ್ಪಾಗಿರಲಿಲ್ಲ. ಬಸದಿಯ ಜಮೀನನ್ನು ಲಾವಣಿಗೆ ಕೊಡುವ ವಿಶ್ವಸ್ತರು ಕರಾರಿನಲ್ಲಿ ಬೆಂಕಿ ಹಚ್ಚಬಾರದೆಂಬ ಒಂದು ಸಾಲು ಬರೆಯಿಸಿ, ಹರವುವ ಕೂಲಿಯಷ್ಟನ್ನು ಲಾವಣಿಯಲ್ಲಿ ಬಿಟ್ಟುಕೊಡಲು ಸಿದ್ಧರಿದ್ದಾರೆಯೇ? ಬರಲಿರುವ ಕಟಾವಿಗೆ ಮುನ್ನ ಸಭೆಯಲ್ಲಿ ಈ ಪ್ರಶ್ನೆಯನ್ನು ಇಡಬೇಕೆಂದಿದ್ದೇನೆ.