ಕಲ್ಮಶ ಎಂದು ಕರೆಯುವ ಮೊದಲು

ರೋಣ, ನರಗುಂದ, ಗಜೇಂದ್ರಗಡದ ಕಡೆ ಸಂಜೆಯಾದರೆ ಬಾಣಲೆಗೆ ಮಿರ್ಚಿ ಭಜಿ ಬೀಳುತ್ತವೆ. ಕಡಲೆಹಿಟ್ಟಿಗೆ ಒಂದು ಚಿಟಿಕೆ ಅಜವಾನ ಬೀಳದಿದ್ದರೆ ಅದಕ್ಕೆ ಭಜಿಯ ರುಚಿಯೇ ಇಲ್ಲ. ಹೊಟ್ಟೆ ಉಬ್ಬರಿಸಿದರೂ ಇದೇ ಕಾಳು ಬೇಕು. ಬೇರೆ ಕಡೆ ಇದಕ್ಕೆ ಓಂಕಾಳು ಎನ್ನುತ್ತಾರೆ. ಇದರ ಘಮ ಯಾವುದರಿಂದ ಎಂದು ಕೇಳಿದರೆ ರಸಾಯನಶಾಸ್ತ್ರದ ವಿದ್ಯಾರ್ಥಿ ತಡವರಿಸದೆ ಹೇಳುತ್ತಾನೆ: ಥೈಮಾಲ್.

ಆ ಉತ್ತರಕ್ಕೆ ಪ್ರಯೋಗಾಲಯದಲ್ಲಿ ಆಧಾರವಿದೆ. ಜಜ್ಜಿದ ಅಜವಾನದೊಳಗೆ ಹಬೆ ಹಾಯಿಸಿ ತಣಿಸಿದರೆ ನೀರಿನ ಮೇಲೆ ತೆಳುವಾದ ಎಣ್ಣೆ ತೇಲುತ್ತದೆ. 100 ಗ್ರಾಂ ಕಾಳಿಗೆ ಸುಮಾರು 2ರಿಂದ 4 ಗ್ರಾಂ. ಅದಕ್ಕೆ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ ಹಾಕಿ ಕುಲುಕಿದರೆ ಥೈಮಾಲ್ ಲವಣವಾಗಿ ನೀರಿಗೆ ಇಳಿಯುತ್ತದೆ, ಉಳಿದ ಎಣ್ಣೆ ಮೇಲೆ ನಿಲ್ಲುತ್ತದೆ. ಕೆಳಗಿನ ಪದರವನ್ನು ಬೇರೆ ಮಾಡಿ ಆಮ್ಲ ಹಾಕಿ ತಣಿಸಿದರೆ ಬಿಳಿ ಹರಳು ಸಿಗುತ್ತದೆ. ಸುಮಾರು 50 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ ಪ್ರಯೋಗ ಯಶಸ್ವಿ. ಮೇಲೆ ನಿಂತ ಎಣ್ಣೆ ತೊಟ್ಟಿಗೆ ಹೋಗುತ್ತದೆ. ನೋಟ್‌ಬುಕ್ಕಿನಲ್ಲಿ ಅದಕ್ಕೆ ಒಂದೇ ಹೆಸರು: ಕಲ್ಮಶ.

ನನ್ನ ತಕರಾರು ಈ ಹೆಸರಿನ ಬಗ್ಗೆ. ಆ ಎಣ್ಣೆಯಲ್ಲಿರುವ ಟರ್ಪಿನೀನ್, ಸೈಮೀನ್‌ಗಳು ಹೊರಗಿನಿಂದ ಬಂದು ಸೇರಿದ ಕೊಳೆಯಲ್ಲ. ಥೈಮಾಲನ್ನು ಹೆತ್ತ ಕಾಳೇ ಅವುಗಳನ್ನೂ ಹೆತ್ತಿದೆ. ನಮಗೆ ಥೈಮಾಲ್ ಬೇಕಾದ ಕ್ಷಣದಲ್ಲಿ ಮಾತ್ರ ಅವು ಕಲ್ಮಶವಾದವು. ಒಂದನೇ ಮಹಾಯುದ್ಧಕ್ಕೆ ಮೊದಲು ಭಾರತದ ಅಜವಾನ ಹಡಗೇರಿ ಜರ್ಮನಿಗೆ ಹೋಗುತ್ತಿತ್ತು. ಥೈಮಾಲ್ ತೆಗೆದ ಮೇಲೆ ಉಳಿಯುವ ಎಣ್ಣೆಯೂ ವ್ಯರ್ಥವಾಗುತ್ತಿರಲಿಲ್ಲ, ಸಾಬೂನಿಗೆ ಪರಿಮಳವಾಗುತ್ತಿತ್ತು. ಔಷಧಿಯವನ ಕಲ್ಮಶ ಸಾಬೂನಿನವನಿಗೆ ಸರಕು.

ಹಾಗಾದರೆ ಹೆಚ್ಚು ಇರುವುದೇ ಮುಖ್ಯ ಎನ್ನಬಹುದೇ? ಗುಲಾಬಿ ಎಣ್ಣೆ ಅದನ್ನೂ ಒಪ್ಪುವುದಿಲ್ಲ. ಅದರಲ್ಲಿ ಸಿಟ್ರೊನೆಲಾಲ್, ಜೆರಾನಿಯಾಲ್‌ಗಳದೇ ದೊಡ್ಡ ಪಾಲು. ಆದರೆ 1970ರ ಹೊತ್ತಿಗೆ ಅದರಲ್ಲಿ ಗುರುತಿಸಲಾದ ಡಮಾಸ್ಕೆನೋನ್ ಶೇಕಡಾ ಒಂದಕ್ಕಿಂತ ಬಹಳ ಕಡಿಮೆ ಇದ್ದೂ ಗುಲಾಬಿಯ ಘಮಕ್ಕೆ ಬಹುಪಾಲು ಕಾರಣವಾಗಿದೆ. ತಕ್ಕಡಿಗೆ ಕಾಣದ್ದು ಮೂಗಿಗೆ ಗೊತ್ತು.

ಗದಗ ಜಿಲ್ಲೆಯವರಿಗೆ ಈ ವಿಚಾರ ತೀರ ಹೊಸದೇನಲ್ಲ. ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬಸದಿ ಯಾವ ಧರ್ಮದ್ದೋ, ಆ ಜೈನ ಧರ್ಮದ ಅನೇಕಾಂತವಾದ ಹೇಳುವುದೂ ಇದನ್ನೇ: ವಸ್ತುವಿಗೆ ಹಲವು ಮುಖ, ನಮ್ಮ ಪ್ರತಿ ಮಾತೂ ಒಂದು ನೆಲೆಯಿಂದ ಆಡಿದ್ದು. ‘ಕಲ್ಮಶ’ ಎನ್ನುವಾಗ ನಾವು ಆ ನೆಲೆಯನ್ನು ಮುಚ್ಚಿಟ್ಟು ತೀರ್ಪನ್ನಷ್ಟೇ ಬರೆಯುತ್ತೇವೆ.

ಬೇರ್ಪಡಿಸದೆ ವಿಜ್ಞಾನವಿಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ನಿಜ. ಬೇರ್ಪಡಿಸದಿದ್ದರೆ ಡಮಾಸ್ಕೆನೋನ್ ಕೂಡ ಸಿಗುತ್ತಿರಲಿಲ್ಲ. ಬೇರ್ಪಡಿಸುವುದರಲ್ಲಿ ತಪ್ಪಿಲ್ಲ. ನಮ್ಮ ಅಗತ್ಯವನ್ನು ವಸ್ತುವಿನ ಗುಣವೆಂದು ದಾಖಲಿಸುವುದು ತಪ್ಪು. ಅದೇ ಕಾಲೇಜಿನ ಫಲಿತಾಂಶದ ಪಟ್ಟಿಯನ್ನು ನೋಡಿ. ಒಂದು ಪರೀಕ್ಷೆ ತನಗೆ ಬೇಕಾದ ಒಂದು ಗುಣವನ್ನು ಹರಳಾಗಿಸಿ ತೂಗುತ್ತದೆ. ಉಳಿದ ಹುಡುಗ ಹುಡುಗಿಯರನ್ನು ನಾವು ‘ದಡ್ಡರು’ ಎನ್ನುತ್ತೇವೆ. ಪರೀಕ್ಷೆ ಹುಡುಕಿದ್ದು ಏನನ್ನು ಎಂದು ಕೇಳುವುದಿಲ್ಲ.

ನೋಟ್‌ಬುಕ್ಕಿನಲ್ಲಿ ‘ಕಲ್ಮಶ’ ಎನ್ನುವಲ್ಲಿ ‘ಥೈಮಾಲ್ ತೆಗೆದ ಮೇಲೆ ಉಳಿದ ಎಣ್ಣೆ’ ಎಂದು ಬರೆಯಬಹುದು. ನಾಲ್ಕು ಪದ ಹೆಚ್ಚಾಗುತ್ತವೆ, ಆದರೆ ಬರೆದದ್ದು ನಿಜವಾಗಿರುತ್ತದೆ.