ದೂರ ನಿಲ್ಲುವುದು ಯಾರಿಗಾಗಿ

2020ರ ಮಾರ್ಚ್ ಕೊನೆಯ ವಾರ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಒಂದೇ ಮಾತು ಹತ್ತು ವೇಷ ಹಾಕಿಕೊಂಡು ಬರುತ್ತಿತ್ತು. ಮಡಿ, ಮೈಲಿಗೆ, ಕಾಲು ತೊಳೆದು ಒಳಗೆ ಬರುವುದು, ದೂರದಿಂದಲೇ ಕೈಮುಗಿಯುವುದು, ಇದನ್ನೆಲ್ಲ ನಮ್ಮ ಹಿರಿಯರು ಎಂದೋ ಹೇಳಿಟ್ಟಿದ್ದರು, ಜಗತ್ತಿಗೆ ಈಗ ಬುದ್ಧಿ ಬಂತು ಎಂದು. ಕಾಲು ತೊಳೆಯುವುದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಮಡಿಯೂ ಕೊರೊನಾದ ಅಂತರವೂ ಒಂದೇ ಎಂಬುದನ್ನು ನಾನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ.

ಯುಗಾದಿಗೆಂದು ನಾವು ಬೆಂಗಳೂರಿನಿಂದ ಕೊಪ್ಪದ ಕಡೆಯ ಗಂಡನ ಊರಿಗೆ ಬಂದದ್ದು ಜನತಾ ಕರ್ಫ್ಯೂವಿನ ಹಿಂದಿನ ದಿನ. ಹಬ್ಬ ಬುಧವಾರ, ಮಾರ್ಚ್ 25. ಹಿಂದಿನ ರಾತ್ರಿ ಎಂಟಕ್ಕೆ ಪ್ರಧಾನಿ ಟೀವಿಯಲ್ಲಿ ಇಪ್ಪತ್ತೊಂದು ದಿನದ ಲಾಕ್‌ಡೌನ್ ಹೇಳಿದರು. ಹೀಗಾಗಿ ಬೇವುಬೆಲ್ಲ ತಿಂದು ಹೊರಡಬೇಕಿದ್ದವರು ಮಳೆಗಾಲ ಹಿಡಿಯುವವರೆಗೂ ಅಲ್ಲೇ ಉಳಿದೆವು. ಅತ್ತೆ, ಮಾವ, ಭಾವನವರ ಸಂಸಾರ, ನಮ್ಮದು, ಮತ್ತೆ ಮಾವನವರ ತಮ್ಮನ ಹೆಂಡತಿ. ಗಂಡ ತೀರಿಕೊಂಡ ಮೇಲೆ ಇದೇ ಮನೆಯಲ್ಲಿರುವ ಅವರು ನಮಗೆಲ್ಲ ಚಿಕ್ಕಮ್ಮ.

ಚಿಕ್ಕಮ್ಮನ ಮಡಿಯನ್ನು ಹಗುರ ಮಾಡಿ ಮಾತಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಬೆಳಗಿನ ಜಾವ ತಣ್ಣೀರು ಸುರಿದುಕೊಂಡು, ಅಟ್ಟದ ಗಳುವಿನಲ್ಲಿ ಒಣಹಾಕಿದ ಸೀರೆಯನ್ನು ಕೋಲಿನಿಂದ ಇಳಿಸಿ ಉಟ್ಟುಕೊಂಡು, ನೈವೇದ್ಯದ ಅನ್ನಕ್ಕೆ ಬಾವಿಯಿಂದ ಸೇದಿ ತಂದ ನೀರನ್ನೇ ಹಾಕಿ, ಅಷ್ಟೂ ಹೊತ್ತು ಒಂದೂ ಬೇಡದ ಮಾತಾಡದೆ ಇರುವವರು. ಬದುಕಿನಲ್ಲಿ ತಮ್ಮದು ಅಂತ ಏನೂ ಉಳಿಯದ ಹೆಂಗಸಿಗೆ ಆ ಎರಡು ತಾಸು ದೇವರ ಜೊತೆ ಕಳೆಯುವ ಹಕ್ಕಿನ ಸಮಯ. ಅದನ್ನು ಕ್ರಿಮಿಕೀಟದ ಲೆಕ್ಕಕ್ಕೆ ಇಳಿಸಿ 'ವಿಜ್ಞಾನ' ಎಂದು ಹೊಗಳಿದರೆ ಅವರಿಗೆ ಅವಮಾನ ಎಂದೇ ನನಗನಿಸುತ್ತದೆ. ರೋಗ ಬಾರದಿರಲಿ ಎಂದು ಅವರು ಮಡಿ ಉಡುತ್ತಿರಲಿಲ್ಲ.

ಕಷ್ಟ ಇರುವುದು ಬೇರೆ ಕಡೆ.

ಜರ್ಮನಿಯಲ್ಲಿ ಓದುತ್ತಿದ್ದ ಭಾವನವರ ಮಗ, ವಿಮಾನಗಳು ನಿಲ್ಲುವ ಮೊದಲು ಹೇಗೋ ಬಂದು ತಲುಪಿದ. ಕೈಯ ಮೇಲೆ ಮುದ್ರೆ, ಅದರೊಳಗೆ ಯಾವ ತಾರೀಖಿನವರೆಗೆ ಹೊರಗೆ ಕಾಲಿಡಬಾರದೆಂಬ ಬರಹ. ಅತ್ತೆಗೆ ದಮ್ಮಿನ ಕಾಯಿಲೆ. ಹುಡುಗನನ್ನು ಜಗಲಿಯ ತುದಿಯ ಕೋಣೆಯಲ್ಲಿ ಇರಿಸುವುದೆಂದಾಯಿತು. ಊಟ ಬಾಳೆಲೆಯಲ್ಲಿ, ಹೊಸ್ತಿಲಾಚೆ ಇಟ್ಟು ಹಿಂದೆ ಸರಿಯುವುದು. ಆಶಾ ಕಾರ್ಯಕರ್ತೆ ತಡಮೆಯ ಆಚೆ ನಿಂತೇ ಜ್ವರ ಇದೆಯೇ, ಕೆಮ್ಮು ಇದೆಯೇ ಎಂದು ಕೇಳಿ ಬರೆದುಕೊಂಡು ಹೋಗುತ್ತಿದ್ದಳು.

ಎರಡನೆಯ ದಿನ ನನ್ನ ಮಗಳು ಊಟದ ಪಂಕ್ತಿಯಲ್ಲಿ ಜೋರಾಗಿ ಕೇಳಿಬಿಟ್ಟಳು: "ಅಣ್ಣನೂ ಹೊರಗೆ ಕೂತಿದಾನಾ?"

ಆ ಮನೆಯಲ್ಲಿ ಅದು ಹೆಂಗಸರು ತಿಂಗಳಿಗೆ ಮೂರು ದಿನ ಕೂರುವ ಕೋಣೆ. ಹೊಸ್ತಿಲಾಚೆ ಇಡುವ ಊಟವೂ ಅದೇ, ಹಿಂದೆ ಸರಿಯುವ ಹೆಜ್ಜೆಯೂ ಅದೇ. ಹುಡುಗ ವಾರ ಕಳೆಯುವುದರೊಳಗೆ ತಾಯಿಗೆ ಫೋನ್ ಮಾಡಿ, ಅಂದರೆ ಗೋಡೆಯಾಚೆಯಿಂದ, ಹೇಳಿದನಂತೆ: "ಎಲೆ ಇಡುವಾಗ ಒಬ್ಬರೂ ನನ್ನ ಮುಖ ನೋಡಲ್ಲ ಅಮ್ಮ." ಓರಗಿತ್ತಿ ಅದನ್ನು ನನಗೆ ಹೇಳಿದ್ದು ಹಿತ್ತಿಲಲ್ಲಿ, ಹಲಸಿನಕಾಯಿ ಬಿಡಿಸುತ್ತ, ಎಣ್ಣೆ ಸವರಿದ ಕೈಯಿಂದ ತೊಳೆ ಎಳೆಯುತ್ತ. "ನಾನು ಮದುವೆಯಾಗಿ ಬಂದಾಗಿನಿಂದ ಆ ಕೋಣೇಲಿ ಕೂತಿದೀನಿ. ಮುಖ ನೋಡಲ್ಲ ಅಂತ ಯಾರಿಗೆ ಹೇಳಲಿ ಅಂತ್ಲೇ ಗೊತ್ತಿರಲಿಲ್ಲ ನಂಗೆ." ಅಷ್ಟು ಹೇಳಿ ಮೇಣ ಒರೆಸಿಕೊಂಡು ಎದ್ದಳು.

ಕೋಣೆಯಲ್ಲಿ ಹುಡುಗನಿದ್ದುದರಿಂದ ಆ ತಿಂಗಳು ಮನೆಯ ಹೆಂಗಸರಿಗೆ ಹೊರಗೆ ಕೂರಲು ಜಾಗವಿರಲಿಲ್ಲ. "ಇರಲಿ, ದೇವರ ಕೋಣೆಗೊಂದು ಹೋಗಬೇಡಿ" ಎಂದರು ಅತ್ತೆ. ನಂದಾದೀಪ ಎಂದಿನಂತೆ ಉರಿಯಿತು, ಶ್ರೀರಾಮನವಮಿಯ ಪಾನಕ, ಕೋಸಂಬರಿಯೂ ಆಯಿತು. ಅವನ ಗಡುವು ಮುಗಿದು ಕೋಣೆ ಖಾಲಿಯಾದ ಮಾರನೆಯ ದಿನವೇ ಓರಗಿತ್ತಿ ಹಲಸಿನ ಹಪ್ಪಳದ ಚಾಪೆ, ಡಬ್ಬಿಗಳನ್ನೆಲ್ಲ ಅಲ್ಲಿಗೆ ತಂದು ತುಂಬಿದಳು. ಯಾರೂ ತೆಗೆ ಎನ್ನಲಿಲ್ಲ.

ಇನ್ನೊಂದು ಸಂಗತಿ ನನ್ನನ್ನು ಇದಕ್ಕಿಂತ ಹೆಚ್ಚು ಕಾಡಿತು. ತೋಟದ ಕೆಲಸಕ್ಕೆ ಬರುವ ಹೆಂಗಸೊಬ್ಬಳಿದ್ದಾಳೆ. ಅವಳ ಕಾಫಿಯ ಲೋಟ ಹೊರಗೋಡೆಯ ಗೂಡಿನಲ್ಲಿ ಬೋರಲು ಇರುತ್ತದೆ. ಅವಳೇ ತೊಳೆದು ಹಿಡಿಯುತ್ತಾಳೆ, ಇವರು ಎತ್ತರದಿಂದ ಸುರಿಯುತ್ತಾರೆ, ಅವಳೇ ತೊಳೆದು ಬೋರಲು ಹಾಕುತ್ತಾಳೆ. ಕೃಷಿ ಕೆಲಸಕ್ಕೆ ಸರ್ಕಾರ ವಿನಾಯಿತಿ ಕೊಟ್ಟ ಮೇಲೆ, ಏಪ್ರಿಲ್‌ನಲ್ಲಿ ಒಂದು ದಿನ ಬಂದಳು. ಎಂದಿನ ಜಾಗಕ್ಕಿಂತಲೂ ಆಚೆ, ಅಂಗಳದ ಕೊನೆಯ ದಾಸವಾಳದ ಗಿಡದ ಬಳಿ ನಿಂತಳು. ಮೂಗಿಗೆ ಸೆರಗು. ಚಿಕ್ಕಮ್ಮ ಕಾಫಿ ತಂದರೆ, "ಬ್ಯಾಡ ಅಮ್ಮ, ನೀರು ಮನೆಯಿಂದ್ಲೇ ತಂದೀನಿ. ನಿಮ್ಮನೇಲಿ ಫಾರಿನ್‌ನಿಂದ ಬಂದೋರು ಇದಾರಲ್ಲ, ನಮ್ಮನೇಲಿ ಅಜ್ಜಿ ಮಲಗಿದಲ್ಲೇ ಅದೆ" ಎಂದಳು. ಒರಟಾಗಿ ಹೇಳಲಿಲ್ಲ. ಅಜ್ಜಿಯ ಜೀವ ಅವಳಿಗೆ ಮುಖ್ಯವಾಗಿತ್ತು, ಅಷ್ಟೆ.

ಚಿಕ್ಕಮ್ಮ ಚೊಂಬು ಹಿಡಿದುಕೊಂಡು ಒಳಗೆ ಬಂದರು. ಮಧ್ಯಾಹ್ನದವರೆಗೆ ಸುಮ್ಮನಿದ್ದು ಕೊನೆಗೆ ನನ್ನ ಹತ್ತಿರ ಹೇಳಿದರು: "ನಮ್ಮನೆ ಕಾಫಿ ಬೇಡ ಅಂದ್ಲಲ್ಲೇ." ಆ ದನಿಯಲ್ಲಿ ನೋವಿತ್ತು, ಸಿಟ್ಟಿರಲಿಲ್ಲ.

ನನಗೆ ಎರಡು ಅಂತರಗಳ ವ್ಯತ್ಯಾಸ ಬಿಚ್ಚಿಕೊಂಡದ್ದು ಅಲ್ಲಿ. ಕೊರೊನಾ ಕಾಲದಲ್ಲಿ ದೂರ ನಿಂತವರು, 'ನನ್ನಿಂದ ನಿನಗೆ, ನಿನ್ನಿಂದ ನನ್ನ ಮನೆಯವರಿಗೆ ತೊಂದರೆ ಆದೀತು' ಎಂದು ಹೆದರಿದವರು. ಆ ಹೆದರಿಕೆ ಎರಡೂ ಕಡೆಯಿಂದ ಹರಿಯುತ್ತಿತ್ತು, ಜಾತಿ ಕೇಳುತ್ತಿರಲಿಲ್ಲ, ಹದಿನಾಲ್ಕು ದಿನಕ್ಕೆ ಮುಗಿಯುತ್ತಿತ್ತು. ಬೋರಲು ಲೋಟದ ಹೆದರಿಕೆ ಒಂದೇ ಕಡೆಗೆ ಹರಿಯುತ್ತದೆ, ಅದಕ್ಕೆ ಗಡುವೇ ಇಲ್ಲ. ದೇವರ ಮುಂದೆ ಕೂರುವಾಗ ನಾನು ಎಷ್ಟು ಬೇಕಾದರೂ ಶುದ್ಧಳಾಗಬಹುದು, ಎಷ್ಟು ತಣ್ಣೀರು ಬೇಕಾದರೂ ಸುರಿದುಕೊಳ್ಳಬಹುದು. ನನ್ನ ಶುದ್ಧಿಗಾಗಿ ಇನ್ನೊಬ್ಬರು ಆಚೆ ಸರಿಯಬೇಕಾದ ಗಳಿಗೆಯಿಂದ ಅದು ನನ್ನ ಮತ್ತು ದೇವರ ನಡುವಿನ ವಿಷಯವಾಗಿ ಉಳಿಯುವುದಿಲ್ಲ.

ಏಪ್ರಿಲ್ 28 ಶಂಕರ ಜಯಂತಿ. ನಮ್ಮದು ಶೃಂಗೇರಿಗೆ ನಡೆದುಕೊಳ್ಳುವ ಮನೆ. ಪ್ರತಿವರ್ಷ ಮಾವ ಮಠಕ್ಕೆ ಹೋಗುತ್ತಿದ್ದರು. ಆ ವರ್ಷ ದೇವಸ್ಥಾನಗಳು ಭಕ್ತರಿಗೆ ಮುಚ್ಚಿದ್ದವು. ಮನೆಯಲ್ಲೇ ಏನಾದರೂ ಓದಿ ಎಂದೆವು. ನಾನು ಕೇಳಿದ್ದು ಮನೀಷಾಪಂಚಕವನ್ನು. ಶಂಕರರದೆಂದು ಪರಂಪರೆ ಹೇಳುವ ಐದು ಶ್ಲೋಕ. ಕಾಶಿಯಲ್ಲಿ ಗಂಗೆಗೆ ಹೊರಟ ಆಚಾರ್ಯರು ಎದುರಾದ ಚಂಡಾಲನಿಗೆ ದೂರ ಹೋಗು ಎನ್ನುತ್ತಾರೆ. ಅವನು ಯಾವುದು ಹೋಗಬೇಕು ಎಂದು ಕೇಳುತ್ತಾನೆ. ಅನ್ನದಿಂದಾದ ಈ ದೇಹ ಅನ್ನದಿಂದಲೇ ಆದ ಆ ದೇಹದಿಂದಲೋ, ಚೈತನ್ಯ ಚೈತನ್ಯದಿಂದಲೋ? ಗಂಗೆಯಲ್ಲಿ ಬಿಂಬಿಸಿದ ಸೂರ್ಯನಿಗೂ ಕೇರಿಯ ನೀರಿನಲ್ಲಿ ಬಿಂಬಿಸಿದವನಿಗೂ ಭೇದ ಉಂಟೆ? ಅರಿವು ಗಟ್ಟಿಯಾದವನು ಯಾರೇ ಆಗಲಿ ಅವನೇ ನನಗೆ ಗುರು ಎಂದು ಶಂಕರರು ಉತ್ತರ ಕೊಡುತ್ತಾರೆ.

"ಬಂದವನು ಸಾಕ್ಷಾತ್ ಶಿವ" ಎಂದರು ಭಾವ. ಕಥೆ ಹಾಗೇ ಇದೆ. ಆದರೆ ಶಿವನಾಗಿದ್ದ ಎಂಬುದು ನಮಗೆ ಬಹಳ ಅನುಕೂಲದ ಮಾತು, ನಾವು ಶಿವನಿಗೆ ನಮಸ್ಕರಿಸಿ ಚಂಡಾಲನನ್ನು ಅಲ್ಲೇ ಬಿಟ್ಟು ಬರಬಹುದು ಎಂದೆ. ಪ್ರಶ್ನೆ ಕೇಳುವಾಗ ಅವನು ದಾರಿಯಲ್ಲಿ ನಿಂತ ಮನುಷ್ಯ, ಆ ಪ್ರಶ್ನೆಯ ಬಲಕ್ಕೆ ಶಿವನ ಆಸರೆ ಬೇಕಿಲ್ಲ. ಇನ್ನೂ ಒಂದು ತೊಡಕು ನನಗಿದೆ. ಶ್ಲೋಕ ಗೌರವಿಸುವುದು ಅರಿತವನನ್ನು. ವೇದಾಂತ ಬಾರದ, ತೋಟದಲ್ಲಿ ತರಗೆಲೆ ಗುಡಿಸುವವಳ ಗತಿ? ಮಾವ ಸ್ವಲ್ಪ ಹೊತ್ತು ಬಿಟ್ಟು, "ಉತ್ತರ ಅರಿತವನ ಬಗ್ಗೆ ಇರಬಹುದು. ಪ್ರಶ್ನೆ ಮಾತ್ರ ಅನ್ನ ತಿನ್ನೋ ಎಲ್ಲ ದೇಹದ ಬಗ್ಗೆ" ಎಂದರು. ಎಪ್ಪತ್ತಾರು ವರ್ಷದ ಅವರ ಬಾಯಲ್ಲಿ ಆ ಮಾತು ಬಂದದ್ದಕ್ಕೆ ನಾನು ಋಣಿ.

ಕಂಬಕ್ಕೆ ಒರಗಿ ಕೇಳುತ್ತಿದ್ದ ಚಿಕ್ಕಮ್ಮ ಮಾವನಿಗೆ ಹೇಳಿದರು: "ಭಾವ, ಒಂದು ಸಂಶಯ. ಅವನಿಗೆ ನಮಸ್ಕಾರ ಮಾಡಿದ ಮೇಲೆ ಶಂಕರರು ಮತ್ತೆ ಸ್ನಾನ ಮಾಡಿದ್ರಾ?"

ಮಾವ ಪುಸ್ತಕದ ಹಾಳೆ ಹಿಂದೆ ಮುಂದೆ ಮಗುಚಿದರು. "ಶ್ಲೋಕದಲ್ಲಿ ಅದಿಲ್ಲ."

"ಬೇಕು ಅನ್ನಿಸಿದ್ರೆ ಬರೀತಿದ್ರಲ್ಲ" ಎಂದರು ಚಿಕ್ಕಮ್ಮ, ಮತ್ತು ಮರುದಿನ ತೋಟದವಳು ಬರುವ ಹೊತ್ತಿಗೆ ಅವಳ ಅಜ್ಜಿಗೆಂದು ಒಂದು ಬಾಟಲಿ ಕಷಾಯದ ಪುಡಿ ಕಟ್ಟಿಟ್ಟರು. ಅದನ್ನು ಅಂಗಳದಲ್ಲಿ ಇಟ್ಟು ಹಿಂದೆ ಸರಿಯುವಾಗ, ಅವಳ ಮುಖ ನೋಡಿ, ಅಜ್ಜಿಗೆ ಹೇಗಿದೆ ಎಂದು ಕೇಳಿದರು.